ಯೂಟಾದ ಕ್ಯಾನಿಯನ್ ಪಾರ್ಕ್‌ಗಳಲ್ಲಿ ಗೈಡ್ ಜೊತೆ ಗುಂಪು ಚಾರಣ: ಟೂರ್ ಆರಿಸುವುದರಿಂದ ಇಳಿದು ಹತ್ತುವವರೆಗೆ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣದಲ್ಲಿ ಐದು ನ್ಯಾಷನಲ್ ಪಾರ್ಕ್‌ಗಳಿವೆ: ಜಾಯನ್, ಬ್ರೈಸ್ ಕ್ಯಾನಿಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್. ಟೂರ್ ಕಂಪನಿಗಳು ಈ ಐದನ್ನೂ ಸೇರಿಸಿ 'ಮೈಟಿ ಫೈವ್' ಅಂತ ಮಾರುತ್ತವೆ. ಕೆಲವರು ಪಕ್ಕದ ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ ಕೂಡ ಸೇರಿಸುತ್ತಾರೆ. ಬೇ ಏರಿಯಾ, ಡಲ್ಲಾಸ್, ಫೀನಿಕ್ಸ್ ಕಡೆ ಇರುವ ನಮ್ಮವರು ಊರಿಂದ ಅಪ್ಪ-ಅಮ್ಮ ಬಂದಾಗ ಇಲ್ಲಿಗೆ ಕರೆದುಕೊಂಡು ಹೋಗುವುದು ಮಾಮೂಲು. ಆದರೆ ಹೆಚ್ಚಿನವರು ಕಾರು ನಿಲ್ಲಿಸಿ, ಕಟಕಟೆ ಹತ್ತಿರ ನಿಂತು ಫೋಟೋ ತೆಗೆದು, ಮುಂದಿನ ಪಾರ್ಕ್‌ಗೆ ಓಡುತ್ತಾರೆ. ಈ ಜಾಗಗಳನ್ನು ನಡೆದೇ ನೋಡಬೇಕು. ಮರುಭೂಮಿಯಲ್ಲಿ ನಡೆದು ಅಭ್ಯಾಸ ಇಲ್ಲದವರಿಗೆ ಒಳ್ಳೆಯ ಗೈಡ್ ಇರುವ ಸಣ್ಣ ಗುಂಪೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೇಗೆ ಆರಿಸಬೇಕು, ಹೇಗೆ ತಯಾರಾಗಬೇಕು, ಅಲ್ಲಿ ಹೇಗೆ ನಡೆಯಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಟೂರ್ ಹುಡುಕುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು. ಏಪ್ರಿಲ್ ಕೊನೆಯಿಂದ ಮೇ ಕೊನೆವರೆಗೆ, ಆಮೇಲೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆವರೆಗೆ ನಡೆಯೋಕೆ ಒಳ್ಳೆಯ ಕಾಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಜಾಯನ್ ಕಣಿವೆಯ ತಳದಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದು ಸಾಮಾನ್ಯ, ಆರ್ಚಸ್‌ನಲ್ಲೂ ಅಷ್ಟೇ. ಮಕ್ಕಳ ರಜೆ ಅಂತ ಜುಲೈನಲ್ಲೇ ಹೋಗಬೇಕಾದರೆ ಹೋಗಿ, ಆದರೆ ಬೆಳಿಗ್ಗೆ ಆರು ಗಂಟೆಗೆ ನಡಿಗೆ ಶುರು ಮಾಡುವ ಟೂರ್ ಮಾತ್ರ ಹಿಡಿಯಿರಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. ಅಲ್ಲೂ ಮುಂಗಾರು ಇದೆ. ಸುಮಾರು ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತಿಗೆ ಗುಡುಗು ಮಳೆ ಬರುತ್ತದೆ. ಒಟ್ಟು ಮಳೆ ಕಡಿಮೆಯೇ, ಆದರೆ ಬಂಡೆ ನೆಲ ನೀರು ಹೀರುವುದಿಲ್ಲ. ಬಿದ್ದಿದ್ದೆಲ್ಲಾ ಕಿರಿದಾದ ಕಮರಿಗಳಿಗೆ ಒಟ್ಟಿಗೆ ನುಗ್ಗುತ್ತದೆ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಒಂದೇ ವಾರದಲ್ಲಿ ಎರಡು ಹವಾಮಾನ ಸಿಗುತ್ತದೆ ಅನ್ನುವುದೂ ನೆನಪಿರಲಿ. ಬ್ರೈಸ್ ಕ್ಯಾನಿಯನ್‌ನ ಅಂಚು ಸುಮಾರು 2,400ರಿಂದ 2,700 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳಲ್ಲೂ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಅಲ್ಲಿ ಸಾವಿರಾರು ಕಲ್ಲಿನ ಕಂಬಗಳು ನಿಂತಿವೆಯಲ್ಲ, ಹೂಡೂ ಅನ್ನುತ್ತಾರೆ, ಅವನ್ನು ಕೆತ್ತಿದ್ದೇ ಈ ಚಳಿ. ಹಗಲು ಹಿಮ ಕರಗಿ ನೀರು ಬಿರುಕಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಸೀಳುತ್ತದೆ. ಜಾಯನ್‌ನಲ್ಲಿ ಟೀ ಶರ್ಟ್‌ನಲ್ಲಿ ಬೆವರಿದವರು ಮರುದಿನ ಬೆಳಿಗ್ಗೆ ಬ್ರೈಸ್‌ನಲ್ಲಿ ಕೈಗವಸು ಹುಡುಕುತ್ತಾರೆ.

ಟೂರ್ ಆರಿಸುವಾಗ ಪಾರ್ಕ್ ಎಣಿಸಬೇಡಿ, ನಡಿಗೆಯ ಗಂಟೆ ಎಣಿಸಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಐದು ದಿನದಲ್ಲಿ ಐದು ಪಾರ್ಕ್ ಪ್ಲಸ್ ಗ್ರ್ಯಾಂಡ್ ಕ್ಯಾನಿಯನ್ ಅನ್ನುವ ಟೂರ್ ಅಂದರೆ ಅರ್ಧ ದಿನ ವ್ಯಾನ್‌ನಲ್ಲೇ ಕಳೆಯುತ್ತದೆ. ದೂರಗಳನ್ನು ನೋಡಿ. ಲಾಸ್ ವೇಗಸ್‌ನಿಂದ ಜಾಯನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ ಊರಿಗೆ ಸುಮಾರು ಎರಡೂವರೆಯಿಂದ ಮೂರು ಗಂಟೆ. ಅಲ್ಲಿಂದ ಬ್ರೈಸ್‌ಗೆ ಎರಡು ಗಂಟೆ. ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೆದ್ದಾರಿ 12ರಲ್ಲಿ ಮತ್ತೆ ಎರಡೂವರೆ ಮೂರು ಗಂಟೆ (ಈ ರಸ್ತೆ ಮಾತ್ರ ನಿದ್ದೆ ಮಾಡದೆ ನೋಡಬೇಕಾದದ್ದು, ಎಸ್ಕಲಾಂಟೆ ದಾಟಿದ ಮೇಲೆ ಒಂದು ಕಡೆ ಎರಡೂ ಬದಿಗೆ ಪ್ರಪಾತ ಇರುವ ಕಿರಿದಾದ ದಿಣ್ಣೆಯ ಮೇಲೆಯೇ ರಸ್ತೆ ಹೋಗುತ್ತದೆ). ಆಮೇಲೆ ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ಹತ್ತಿರದ ಊರು ಮೋಆಬ್‌ಗೆ ಇನ್ನೂ ಎರಡೂವರೆ ಗಂಟೆ. ಏಳೆಂಟು ದಿನಕ್ಕಿಂತ ಕಡಿಮೆಯಲ್ಲಿ ಐದೂ ಪಾರ್ಕ್‌ಗಳಲ್ಲಿ ನಿಜವಾಗಿ ನಡೆಯೋಕೆ ಆಗಲ್ಲ. ಅಷ್ಟು ರಜೆ ಇಲ್ಲವಾ? ಜಾಯನ್ ಮತ್ತು ಬ್ರೈಸ್ ಎರಡೇ ಸಾಕು. ಇಲ್ಲವೇ ಮೋಆಬ್‌ನಲ್ಲಿ ಒಂದೇ ಹೋಟೆಲ್‌ನಲ್ಲಿದ್ದು ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ಮಾಡಿ.

ಕಂಪನಿಗೆ ಹಣ ಕಟ್ಟುವ ಮುಂಚೆ ಈ ಪ್ರಶ್ನೆಗಳನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ಪ್ರತಿದಿನ ಎಷ್ಟು ಕಿಲೋಮೀಟರ್ ನಡಿಗೆ, ಎಷ್ಟು ಮೀಟರ್ ಏರು? ಗುಂಪಲ್ಲಿ ಎಷ್ಟು ಜನ, ಗೈಡ್ ಎಷ್ಟು ಜನ? ಒಬ್ಬರಿಗೆ ಕಾಲು ಉಳುಕಿದರೆ ಒಬ್ಬ ಗೈಡ್ ಅವರ ಜೊತೆ ವಾಪಸ್ ಬರಬೇಕು, ಇನ್ನೊಬ್ಬರು ಉಳಿದವರನ್ನು ನೋಡಿಕೊಳ್ಳಬೇಕು. ಹಾಗಾಗಿ ಹತ್ತು ಹನ್ನೆರಡು ಜನಕ್ಕೆ ಇಬ್ಬರು ಗೈಡ್ ಇಲ್ಲದಿದ್ದರೆ ನಾನಂತೂ ಆ ಟೂರ್ ಬೇಡ ಅನ್ನುತ್ತೇನೆ. ಗೈಡ್‌ಗೆ ಕಾಡುಮೇಡಿನ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯಾ? 'ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್' ಅನ್ನುವ ಸರ್ಟಿಫಿಕೇಟ್ ಸುಮಾರು 70-80 ಗಂಟೆಯ ಕೋರ್ಸ್. ಅದು ಇದ್ದರೆ ಒಳ್ಳೆಯದು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್ ಸಾಧನ ಇಟ್ಟುಕೊಳ್ಳುತ್ತಾರಾ? ಈ ಪಾರ್ಕ್‌ಗಳಲ್ಲಿ ಸಿಗ್ನಲ್ ಇರುವ ಜಾಗಕ್ಕಿಂತ ಇಲ್ಲದ ಜಾಗವೇ ಜಾಸ್ತಿ.

ಇನ್ನೊಂದು ಪರೀಕ್ಷೆ ಇದೆ. ನ್ಯಾಷನಲ್ ಪಾರ್ಕ್ ಒಳಗೆ ಹಣ ತೆಗೆದುಕೊಂಡು ಜನರನ್ನು ಕರೆದೊಯ್ಯಲು ಪಾರ್ಕ್‌ನ ವಾಣಿಜ್ಯ ಪರವಾನಗಿ ಬೇಕು. ನಿಮ್ಮ ಕಂಪನಿಗೆ ನೀವು ಹೋಗುವ ಪ್ರತಿಯೊಂದು ಪಾರ್ಕ್‌ಗೂ ಅದು ಇದೆಯಾ ಅಂತ ಕೇಳಿ. ವಾಟ್ಸಾಪ್ ಗುಂಪಲ್ಲಿ ಯಾರೋ ಪರಿಚಯದವರು ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗ್ತೀನಿ ಅಂದರೆ ಇದನ್ನು ಖಂಡಿತ ಕೇಳಬೇಕು.

ಪರ್ಮಿಟ್ ಮತ್ತು ಟಿಕೆಟ್

ಜಾಯನ್‌ನ ಏಂಜಲ್ಸ್ ಲ್ಯಾಂಡಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಡಿದಾದ ಬಂಡೆಯ ಬೆನ್ನಿನ ಮೇಲೆ ಸರಪಳಿ ಹಿಡಿದು ಹತ್ತುವ ದಾರಿ ಅದು, ಹೋಗಿ ಬರೋಕೆ ಸುಮಾರು 8.7 ಕಿ.ಮೀ., ಏರು 450 ಮೀಟರ್‌ನಷ್ಟು. 2022ರ ಏಪ್ರಿಲ್‌ನಿಂದ ಅದಕ್ಕೆ ಲಾಟರಿ ಪರ್ಮಿಟ್ ಬೇಕು. ಕೆಲವು ತಿಂಗಳು ಮುಂಚಿನ ಲಾಟರಿ ಒಂದು, ಹಿಂದಿನ ದಿನದ ಲಾಟರಿ ಇನ್ನೊಂದು. ಒಂದು ಅರ್ಜಿಯಲ್ಲಿ ಗರಿಷ್ಠ ಆರು ಜನ. ಅರ್ಜಿಗೆ 6 ಡಾಲರ್, ಸಿಕ್ಕರೆ ತಲೆಗೆ ಇನ್ನೂ 3 ಡಾಲರ್. ಅಂದರೆ ಹನ್ನೆರಡು ಜನರ ಗುಂಪಿಗೆ ಎಲ್ಲರಿಗೂ ಖಂಡಿತ ಸಿಗುತ್ತದೆ ಅಂತ ಯಾವ ಕಂಪನಿಯೂ ಭರವಸೆ ಕೊಡಲಾರದು. ಕೊಟ್ಟರೆ ಅನುಮಾನ ಪಡಿ.

ನನ್ನ ಸಲಹೆ ಕೇಳಿದರೆ, ಗುಂಪು ಟೂರ್‌ನಲ್ಲಿ ಅದರ ಹಿಂದೆ ಬೀಳಬೇಡಿ. ಸರಪಳಿ ಶುರುವಾಗುವ ಮುಂಚಿನ ಸ್ಕೌಟ್ ಲುಕ್‌ಔಟ್‌ವರೆಗೆ ಪರ್ಮಿಟ್ ಬೇಡ. 1926ರಲ್ಲಿ ಕಟ್ಟಿದ 21 ತಿರುವುಗಳ ಏರುದಾರಿ, ವಾಲ್ಟರ್ಸ್ ವಿಗಲ್ಸ್, ಅದಕ್ಕಿಂತ ಕೆಳಗೇ ಸಿಗುತ್ತದೆ, ಕಣಿವೆಯ ನೋಟವೂ ಸಿಗುತ್ತದೆ. ಎತ್ತರದ ಭಯ ಇರುವವರನ್ನು ಗುಂಪಿನ ಮುಲಾಜಿಗೆ ಸರಪಳಿ ಹತ್ತಿಸುವುದು ಬೇಡವೇ ಬೇಡ.

ಆರ್ಚಸ್‌ನಲ್ಲಿ 2022ರಿಂದ ಕೆಲವು ವರ್ಷ ಜನಸಂದಣಿಯ ತಿಂಗಳುಗಳಲ್ಲಿ ಗಂಟೆ ಹಿಡಿದು ಮುಂಗಡ ಪ್ರವೇಶ ಕಾಯ್ದಿರಿಸಬೇಕಿತ್ತು. ಇಂಥ ನಿಯಮ ವರ್ಷ ವರ್ಷಕ್ಕೆ ಬದಲಾಗುತ್ತದೆ, ನೀವು ಹೋಗುವ ವರ್ಷದ್ದನ್ನು ಪಾರ್ಕ್‌ನ ಅಧಿಕೃತ ವೆಬ್‌ಸೈಟ್‌ನಲ್ಲೇ ನೋಡಿ. ಪ್ರವೇಶ ಶುಲ್ಕವೂ ಹಾಗೆಯೇ. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಬೇರೆ ದರ ಬಂದಿದೆ. ಜಾಯನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಮೂರೂ ಹೆಚ್ಚುವರಿ ಶುಲ್ಕದ ಪಟ್ಟಿಯಲ್ಲಿವೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ, ಟೂರ್ ಹಣದಲ್ಲಿ ಇದು ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಅರಿಜೋನಾದ ಆಂಟಲೋಪ್ ಕ್ಯಾನಿಯನ್ ಅನ್ನುವ ಕಿರಿದಾದ ಕಮರಿ ಟೂರ್‌ನಲ್ಲಿ ಸೇರಿದ್ದರೆ ಒಂದು ಮಾತು. ಅದು ನ್ಯಾಷನಲ್ ಪಾರ್ಕ್ ಅಲ್ಲ, ಅಲ್ಲಿನ ಮೂಲನಿವಾಸಿ ನವಾಹೋ ಜನರ ನೆಲ. ಅವರ ಅನುಮತಿ ಇರುವ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಗಡಿಯಾರದ ಗೊಂದಲವೂ ಇದೆ: ಬೇಸಿಗೆಯಲ್ಲಿ ಯೂಟಾ ಮತ್ತು ನವಾಹೋ ನೆಲ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಅರಿಜೋನಾದ ಉಳಿದ ಭಾಗ ಇಡುವುದಿಲ್ಲ. ಆ ಗಡಿಯ ಊರುಗಳಲ್ಲಿ ಫೋನ್ ಎರಡೂ ಸಮಯ ತೋರಿಸುತ್ತಾ ಓಡಾಡುತ್ತದೆ. ಗೈಡ್ ಹೇಳಿದ ಸಮಯವನ್ನೇ ನಂಬಿ.

ಎರಡು ತಿಂಗಳ ತಯಾರಿ

ನಮ್ಮ ಬೆಟ್ಟಗಳಲ್ಲಿ ಮೊದಲು ಹತ್ತುತ್ತೇವೆ, ಸುಸ್ತಾದ ಮೇಲೆ ಇಳಿಯುತ್ತೇವೆ. ಬ್ರೈಸ್ ಮತ್ತು ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಎಲ್ಲಾ ತಿರುಗಾಮುರುಗಾ. ವಾಹನ ನಿಲ್ಲುವುದು ಅಂಚಿನ ಮೇಲೆ, ಮೊದಲು ಇಳಿಯುತ್ತೀರಿ, ಬಿಸಿಲೇರಿದ ಮೇಲೆ, ನೀರು ಖಾಲಿಯಾಗುತ್ತಿರುವಾಗ ಹತ್ತುತ್ತೀರಿ. ಇಳಿಯುವಾಗ ಎಷ್ಟು ಹೊತ್ತು ಹಿಡಿಯಿತೋ ಹತ್ತೋಕೆ ಅದರ ಎರಡರಷ್ಟು ಇಟ್ಟುಕೊಳ್ಳಿ ಅಂತ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಹೇಳುತ್ತಾರೆ. ಅದು ಸರಿಯಾದ ಲೆಕ್ಕ.

ಹಾಗಾಗಿ ಅಭ್ಯಾಸ ಮೆಟ್ಟಿಲ ಮೇಲೆ ಮಾಡಿ. ಬೆಂಗಳೂರಿನಲ್ಲಿದ್ದರೆ ಶಿವಗಂಗೆ ಒಳ್ಳೆಯದು. ಸಾವನದುರ್ಗದ ಬೋಳು ಬಂಡೆ ಇನ್ನೂ ಒಳ್ಳೆಯದು, ಯಾಕಂದರೆ ಆರ್ಚಸ್‌ನ ಡೆಲಿಕೇಟ್ ಆರ್ಚ್ ದಾರಿಯಲ್ಲೂ ಅಂಥದ್ದೇ ಇಳಿಜಾರು ಬಂಡೆಯ ಮೇಲೆ ನಡೆಯಬೇಕು. ಕಲ್ಲು ಮಾತ್ರ ಬೇರೆ, ಇಲ್ಲಿ ಗ್ರಾನೈಟ್, ಅಲ್ಲಿ ಮರಳುಗಲ್ಲು. ಬಾದಾಮಿಯ ಬಂಡೆ ಹತ್ತಿದವರಿಗೆ ಮರಳುಗಲ್ಲಿನ ಸ್ವಭಾವ ಗೊತ್ತಿರುತ್ತದೆ: ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ, ಮೇಲೆ ಸಡಿಲ ಮರಳಿದ್ದರೆ ಜಾರುತ್ತದೆ. ಅಮೆರಿಕದಲ್ಲೇ ಇದ್ದು ಊರೆಲ್ಲಾ ಸಮತಟ್ಟಾಗಿದ್ದರೆ ಆಫೀಸಿನ ಮೆಟ್ಟಿಲೇ ಸಾಕು. ಬೆನ್ನಿಗೆ ನಾಲ್ಕು ಲೀಟರ್ ನೀರು ಹೊತ್ತು ಹತ್ತಿ ಇಳಿಯಿರಿ, ವಾರಕ್ಕೆ ಮೂರು ದಿನ. ಇಳಿಯುವುದನ್ನು ಲಿಫ್ಟ್‌ಗೆ ಬಿಡಬೇಡಿ, ಮಂಡಿಗೆ ಬೇಕಾದ ಅಭ್ಯಾಸ ಅದೇ. ಬಿಪಿ, ಹೃದಯ, ಸಕ್ಕರೆ ಕಾಯಿಲೆ ಇರುವವರು ಎತ್ತರ ಮತ್ತು ಬಿಸಿಲು ಎರಡನ್ನೂ ಹೇಳಿ ಡಾಕ್ಟರನ್ನು ಕೇಳಿ. ಗೈಡ್‌ಗೂ ತಿಳಿಸಿ, ಮುಚ್ಚಿಡಬೇಡಿ. ಊರಿಂದ ಬಂದ ಹಿರಿಯರಿಗೆ ವಿಸಿಟರ್ ಇನ್ಶೂರೆನ್ಸ್ ಇಲ್ಲದೆ ಹೊರಡಲೇಬೇಡಿ. ಮೊದಲೇ ಇದ್ದ ಕಾಯಿಲೆಗೆ ಎಷ್ಟರಮಟ್ಟಿಗೆ ಕೊಡುತ್ತಾರೆ ಅಂತ ಓದಿ ನೋಡಿ.

ಬ್ಯಾಗ್‌ನಲ್ಲಿ ಏನಿರಬೇಕು

ಪಳಗಿದ ಶೂ ಇರಲಿ, ಹೊಸದು ಬೇಡ. ಜೀನ್ಸ್ ಬೇಡ. ಹಗುರವಾದ ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಬೆಚ್ಚನೆಯ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್, ಪ್ಲಾಸ್ಟರ್. ವಾಕಿಂಗ್ ಕೋಲು ಎರಡಿದ್ದರೆ ಮಂಡಿಗೆ ಉಪಕಾರ.

ನೀರು ದಿನಕ್ಕೆ ಒಬ್ಬರಿಗೆ ಸುಮಾರು ನಾಲ್ಕು ಲೀಟರ್. ಇದು ಜಾಸ್ತಿ ಅನ್ನಿಸುತ್ತದೆ, ಯಾಕಂದರೆ ಅಲ್ಲಿನ ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಬೆವರಿಲ್ಲ ಅಂದುಕೊಂಡು ನೀರು ಕುಡಿಯದೆ ಇರುತ್ತಾರೆ. ಮಂಗಳೂರಿನ ಸೆಖೆಗೆ ಒಗ್ಗಿದ ಮೈಗೆ ಈ ಸೂಚನೆ ಸಿಗುವುದಿಲ್ಲ. ಅದೇ ಹೊತ್ತಿಗೆ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ, ಅದೂ ಪ್ರಾಣಕ್ಕೆ ಅಪಾಯ. ಉಪ್ಪಿನ ತಿನಿಸು ಮತ್ತು ಓಆರ್‌ಎಸ್ ಪುಡಿ ಜೊತೆಗಿರಲೇಬೇಕು. ನಮ್ಮ ಕೋಡುಬಳೆ, ಖಾರದ ಅವಲಕ್ಕಿ, ಕಡಲೆಬೀಜದ ಚಿಕ್ಕಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಊಟದ ವಿಷಯ. ಮಧ್ಯಾಹ್ನ ಸ್ಯಾಂಡ್‌ವಿಚ್ ಅಥವಾ ರ್ಯಾಪ್ ಕೊಡುವುದು ರೂಢಿ. ಸಸ್ಯಾಹಾರಿ ಅಂದಷ್ಟೇ ಹೇಳಿದರೆ ಮೊಟ್ಟೆ ಬರಬಹುದು. ಬೇಡವಾದ್ದನ್ನೆಲ್ಲಾ ಹೆಸರಿಟ್ಟು ಬರೆದು ಕಳಿಸಿ. ಸ್ಪ್ರಿಂಗ್‌ಡೇಲ್, ಕ್ಯಾಪಿಟಲ್ ರೀಫ್ ಪಕ್ಕದ ಟಾರಿ ಎಲ್ಲಾ ಸಣ್ಣ ಊರುಗಳು, ಬೇಕಾದ್ದನ್ನು ಲಾಸ್ ವೇಗಸ್‌ನಲ್ಲೇ ಕೊಂಡುಕೊಳ್ಳಿ. ಚಟ್ನಿಪುಡಿ ಡಬ್ಬಿ ಒಂದು ಇದ್ದರೆ ವಾರ ಕಳೆಯುತ್ತದೆ.

ನಡಿಗೆಯ ದಿನ: ಪಾರ್ಕ್ ಪಾರ್ಕ್‌ಗೆ

ಜಾಯನ್‌ನಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಹೆಚ್ಚುಕಡಿಮೆ ಪೂರ್ತಿ ಕಣಿವೆಯ ರಸ್ತೆಯಲ್ಲಿ ಖಾಸಗಿ ಕಾರು ಬಿಡುವುದಿಲ್ಲ, ಶಟಲ್ ಬಸ್ಸೇ ಗತಿ. ಮೊದಲ ಬಸ್ಸುಗಳಲ್ಲೇ ಹತ್ತಿ. ಕೊನೆಯ ನಿಲ್ದಾಣದಿಂದ ನದಿ ಪಕ್ಕದ ಸಿಮೆಂಟ್ ದಾರಿ ಸುಮಾರು 1.6 ಕಿ.ಮೀ. ಹೋಗಿ ನೀರಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ದಾರಿಯೇ ನದಿ. ಅದೇ ನ್ಯಾರೋಸ್, ವರ್ಜಿನ್ ನದಿ ಕೊರೆದ ಕಮರಿ. ಎರಡೂ ಕಡೆ ನೂರಾರು ಮೀಟರ್ ಗೋಡೆ, ಕೆಲವು ಕಡೆ ಗೋಡೆಯಿಂದ ಗೋಡೆಗೆ ಬರೀ ನೀರು. ಕೆಳಗಿನಿಂದ ಹೋಗಿ ಬಿಗ್ ಸ್ಪ್ರಿಂಗ್‌ವರೆಗೆ ನಡೆಯೋಕೆ ಪರ್ಮಿಟ್ ಬೇಡ, ಹೋಗಿ ಬರೋಕೆ ಸುಮಾರು 15 ಕಿ.ಮೀ. ಎಲ್ಲರೂ ಪೂರ್ತಿ ಹೋಗಬೇಕಿಲ್ಲ, ಎರಡು ಗಂಟೆ ಒಳಗೆ ನಡೆದು ತಿರುಗಿದರೂ ಸಾಕಷ್ಟು ಸಿಗುತ್ತದೆ. ನೀರಿನ ಶೂ, ನಿಯೋಪ್ರೀನ್ ಸಾಕ್ಸ್, ಉದ್ದ ಕೋಲು ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ, ತಗೊಳ್ಳಿ. ತಳದಲ್ಲಿ ಗುಂಡುಗಲ್ಲುಗಳು ಪಾಚಿ ಹಿಡಿದು ಜಾರುತ್ತವೆ. ಮೂರನೇ ಕಾಲಾಗಿ ಕೋಲು ಊರಿ, ಆಮೇಲೆ ಹೆಜ್ಜೆ ಇಡಿ. ನದಿಯ ನೀರನ್ನು ಕುಡಿಯಬೇಡಿ, ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ವಿಷಕಾರಿ ಸಯನೋಬ್ಯಾಕ್ಟೀರಿಯಾ ಅಲ್ಲಿ ಕಂಡುಬಂದಿದೆ.

ಪ್ರವಾಹದ ಮಾತು ಇಲ್ಲೇ ಬರಬೇಕು. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರಬಹುದು, ಎಷ್ಟೋ ಮೈಲಿ ಆಚೆ ಬಿದ್ದ ಮಳೆ ಕಮರಿಗೆ ಬಂದು ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಲೋವರ್ ಆಂಟಲೋಪ್ ಕ್ಯಾನಿಯನ್‌ನಲ್ಲಿ 11 ಜನ ಹೀಗೇ ಸತ್ತರು. 2015ರ ಸೆಪ್ಟೆಂಬರ್‌ನಲ್ಲಿ ಜಾಯನ್‌ನ ಕೀಹೋಲ್ ಕ್ಯಾನಿಯನ್‌ನಲ್ಲಿ ಏಳು ಜನರ ಗುಂಪು, ಏಳೂ ಜನ ಹೋದರು. ಆ ದಿನದ ಪ್ರವಾಹ ಮುನ್ಸೂಚನೆಯನ್ನು ಬೆಳಿಗ್ಗೆ ಗೈಡ್ ಜೊತೆ ನೀವೂ ನೋಡಿ. ನಡೆಯುವಾಗ ತಿಳಿನೀರು ಇದ್ದಕ್ಕಿದ್ದಂತೆ ಕೆಸರಾದರೆ, ಕಡ್ಡಿ ಎಲೆ ತೇಲಿ ಬರಲು ಶುರುವಾದರೆ, ನೀರು ಏರಿದರೆ, ಮೇಲಿನಿಂದ ಭೋರ್ಗರೆತ ಕೇಳಿದರೆ, ಬಂದ ದಾರಿಯಲ್ಲಿ ಓಡಬೇಡಿ, ಹತ್ತಿರದ ಎತ್ತರದ ಜಾಗ ಹತ್ತಿ ಕೂತುಬಿಡಿ. ಗೈಡ್ ಇವತ್ತು ನ್ಯಾರೋಸ್ ಬೇಡ ಅಂದರೆ ವಾದ ಮಾಡಬೇಡಿ. ಇಷ್ಟು ದೂರ ಬಂದಿದ್ದೀವಿ, ದುಡ್ಡು ಕೊಟ್ಟಿದ್ದೀವಿ ಅಂತ ಗುಂಪು ಒತ್ತಾಯ ಮಾಡುವುದು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಒಂದು 'ಬೇಡ' ಹೇಳೋಕೇ ಅಲ್ವಾ ನಾವು ಗೈಡ್ ಇಟ್ಟುಕೊಂಡಿದ್ದು?

ಬ್ರೈಸ್‌ನಲ್ಲಿ ಕ್ವೀನ್ಸ್ ಗಾರ್ಡನ್ ಮತ್ತು ನವಾಹೋ ಲೂಪ್ ಜೋಡಿಸಿದ ದಾರಿ ಮಾಡಿ, ಸುಮಾರು 4.6 ಕಿ.ಮೀ. ಕ್ವೀನ್ಸ್ ಗಾರ್ಡನ್ ಕಡೆಯಿಂದ ಇಳಿದು ನವಾಹೋ ಕಡೆಯಿಂದ ಹತ್ತಬೇಕು. ಆಗ ಕಡಿದಾದ ಭಾಗ ಏರಿಗೆ ಸಿಗುತ್ತದೆ, ಜಾರುವ ಭಯ ಕಡಿಮೆ. ಎತ್ತರದ ಗಾಳಿಗೆ ಉಸಿರು ಬೇಗ ಕಟ್ಟುತ್ತದೆ, ಮಾತಾಡುತ್ತಾ ನಡೆಯಲಾಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ತಿಳಿಯಿರಿ.

ಕ್ಯಾಪಿಟಲ್ ರೀಫ್ ಅನ್ನು ಟೂರ್‌ಗಳು ಊಟದ ನಿಲ್ದಾಣ ಮಾಡಿಬಿಡುತ್ತವೆ, ಅದು ಅನ್ಯಾಯ. ಸುಮಾರು 160 ಕಿ.ಮೀ. ಉದ್ದಕ್ಕೆ ಭೂಮಿಯ ಪದರಗಳು ಮಡಿಚಿ ಎದ್ದು ನಿಂತ ಜಾಗ ಅದು. ಹಿಕ್‌ಮನ್ ಬ್ರಿಡ್ಜ್‌ಗೆ ಹೋಗಿ ಬರೋದು ಮೂರು ಕಿ.ಮೀ.ಗಿಂತ ಕಡಿಮೆ. ಫ್ರೂಟಾ ಅನ್ನುವ ಕಡೆ ಮಾರ್ಮನ್ ಪಂಥದ ವಲಸಿಗರು ನೆಟ್ಟ ಹಣ್ಣಿನ ತೋಟಗಳು ಇನ್ನೂ ಇವೆ, ಕಾಲಕ್ಕೆ ಸರಿಯಾಗಿ ಹೋದರೆ ನಾವೇ ಕಿತ್ತು ಕೊಳ್ಳಬಹುದು.

ಆರ್ಚಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ಡೆಲಿಕೇಟ್ ಆರ್ಚ್‌ಗೆ ಹೋಗಿ ಬರೋದು 4.8 ಕಿ.ಮೀ., ಏರು 146 ಮೀಟರ್. ದೂರ ಚಿಕ್ಕದು, ಆದರೆ ನೆರಳಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ. ಸಂಜೆ ಹೋದರೆ ಬೆಳಕು ಚೆನ್ನ, ಜನವೂ ಜಾಸ್ತಿ, ಕತ್ತಲಲ್ಲಿ ಇಳಿಯಲು ಟಾರ್ಚ್ ಬೇಕು. ಕಮಾನುಗಳ ಮೇಲೆ ಹತ್ತಬಾರದು. ಈ ಕಲ್ಲುಗಳು ಇವತ್ತಿಗೂ ಬೀಳುತ್ತಿವೆ. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ದೊಡ್ಡ ಚಪ್ಪಡಿ ಕಳಚಿತು, 2008ರಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು.

ಕ್ಯಾನಿಯನ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ ಐಲ್ಯಾಂಡ್ ಇನ್ ದ ಸ್ಕೈ ಭಾಗಕ್ಕೆ ಕರೆದೊಯ್ಯುತ್ತಾರೆ. ಮೀಸಾ ಆರ್ಚ್‌ನಲ್ಲಿ ಸೂರ್ಯೋದಯ, ಆಮೇಲೆ ಗ್ರ್ಯಾಂಡ್ ವ್ಯೂ ಪಾಯಿಂಟ್. ಗುಂಪಿಗೆ ಶಕ್ತಿ ಇದ್ದರೆ ನೀಡಲ್ಸ್ ಭಾಗದ ಚೆಸ್ಲರ್ ಪಾರ್ಕ್ ಸೇರಿಸಿ ಅಂತ ಕೇಳಿ, ಇಡೀ ದಿನದ ನಡಿಗೆ, ಜನ ಕಡಿಮೆ.

ಮೋಆಬ್ ಸುತ್ತಮುತ್ತ ನೆಲದ ಮೇಲೆ ಕಪ್ಪಗೆ, ಗಂಟು ಗಂಟಾಗಿ ಒಂದು ಪದರ ಕಾಣುತ್ತದೆ. ಅದು ಸತ್ತ ಮಣ್ಣಲ್ಲ. ಸೂಕ್ಷ್ಮಜೀವಿ, ಕಲ್ಲುಹೂವು, ಹಾವಸೆ ಸೇರಿ ಮರಳನ್ನು ಹಿಡಿದಿಟ್ಟಿರುವ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಬೆಳೆಯಲು ದಶಕಗಳು ಬೇಕು. ಫೋಟೋಗೆ ಅಂತ ದಾರಿ ಬಿಟ್ಟು ಇಳಿಯಬೇಡಿ, ಕಾಲಿಡಲೇಬೇಕಾದರೆ ಬಂಡೆ ಅಥವಾ ಮರಳು ತೊರೆಯ ಮೇಲೆ ಮಾತ್ರ ಇಡಿ. ಮಕ್ಕಳಿಗೆ ಇದನ್ನು ತೋರಿಸಿ ಹೇಳಿದರೆ ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಗುಂಪಲ್ಲಿ ನಡೆಯುವ ರೀತಿ

ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಗೈಡ್‌ನ ಹಿಂದೆಯೇ ಇರಲಿ. ಹಿಂದೆ ಬಿಟ್ಟರೆ ಏನಾಗುತ್ತದೆ ಅಂದರೆ, ಮುಂದಿನವರು ನಿಂತು ವಿಶ್ರಾಂತಿ ತಗೊಳ್ಳುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಮತ್ತೆ ಹೊರಡುತ್ತಾರೆ. ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕವಲು ದಾರಿ ಬಂದಾಗ ಎಲ್ಲರೂ ಸೇರುವವರೆಗೆ ನಿಲ್ಲಿ. ಹತ್ತಿ ಬರುವವರಿಗೆ ದಾರಿ ಬಿಡಿ. ಅಳಿಲಿಗೆ ತಿಂಡಿ ಹಾಕಬೇಡಿ, ಕಚ್ಚುತ್ತವೆ, ಕಾನೂನೂ ಬಿಡುವುದಿಲ್ಲ. ಸ್ಪೀಕರ್‌ನಲ್ಲಿ ಹಾಡು ಬೇಡ, ದಯವಿಟ್ಟು.

ಯಾರಾದರೂ ಮಾತು ತಡವರಿಸಿದರೆ, ಸುಮ್ನೆ ಸಿಡುಕಿದರೆ, ಹೆಜ್ಜೆ ತಪ್ಪಿದರೆ ಬಿಸಿಲಿನ ಹೊಡೆತ ಇರಬಹುದು. ತಕ್ಷಣ ಗೈಡ್‌ಗೆ ಹೇಳಿ, ನೆರಳಿಗೆ ಕೂರಿಸಿ, ಅಂಗಿ ಟೋಪಿ ಒದ್ದೆ ಮಾಡಿ ಗಾಳಿ ಹಾಕಿ. ನಮ್ಮ ಹಿರಿಯರು ಗುಂಪಿಗೆ ತೊಂದರೆ ಆಗಬಾರದು ಅಂತ ಏನೂ ಹೇಳಿಕೊಳ್ಳುವುದಿಲ್ಲ. ಹಾಗಾಗಿ ನೀವೇ ಕೇಳುತ್ತಿರಬೇಕು. 'ಸುಸ್ತಾಯ್ತಾ ಅಮ್ಮ' ಅಂದರೆ 'ಇಲ್ಲಪ್ಪ' ಅನ್ನುತ್ತಾರೆ. ಬಾಟಲಿ ಎತ್ತಿ ನೋಡಿ, ಎಷ್ಟು ಕುಡಿದಿದ್ದಾರೆ ಅಂತ ಗೊತ್ತಾಗುತ್ತದೆ.

ಕೊನೆಯ ದಿನ

ಗೈಡ್‌ಗೆ ಟಿಪ್ ಕೊಡುವುದು ಅಲ್ಲಿ ರೂಢಿ, ಎಷ್ಟು ಅಂತ ಕಂಪನಿಯ ಸೂಚನೆ ಇರುತ್ತದೆ, ನಗದು ಇಟ್ಟುಕೊಂಡಿರಿ. ಟೂರ್ ಮೋಆಬ್‌ನಲ್ಲಿ ಮುಗಿದರೆ ಸಾಲ್ಟ್ ಲೇಕ್ ಸಿಟಿ ವಿಮಾನ ನಿಲ್ದಾಣಕ್ಕೆ ಸುಮಾರು ನಾಲ್ಕು ಗಂಟೆ ರಸ್ತೆ. ಅದೇ ದಿನ ಮಧ್ಯಾಹ್ನದ ವಿಮಾನ ಬುಕ್ ಮಾಡಬೇಡಿ, ರಾತ್ರಿಯದ್ದೋ ಮರುದಿನದ್ದೋ ನೋಡಿ. ಲಾಸ್ ವೇಗಸ್‌ಗೆ ವಾಪಸ್ ಬರುವ ಟೂರ್ ಆದರೆ ನೆವಾಡಾ ಯೂಟಾಗಿಂತ ಒಂದು ಗಂಟೆ ಹಿಂದಿದೆ, ಆ ಗಂಟೆ ನಿಮಗೆ ಲಾಭ.